ಒಡಲಿನ ನಾಮಕರಣ

ಬಸವನಗುಡಿಯ ಅಗಲವಾದ ಬೀದಿಗಳಲ್ಲಿ, ಗಾಳಿ ಬೆಳಕು ಧಾರಾಳವಾಗಿ ಆಡಲೆಂದು ಮನೆಗಳ ಹಿಂಬದಿಯಲ್ಲಿ ಬಿಟ್ಟಿರುವ ಓಣಿಗಳ ಮಗ್ಗುಲಲ್ಲಿ, ಸಂಜೆಯ ತಂಪಿಗೆ ಅಡ್ಡಾಡುವವರ ಪೈಕಿ ಎಷ್ಟು ಮಂದಿ, ಈ ಬಡಾವಣೆಯ ಹುಟ್ಟಿಗೆ ಮನುಷ್ಯನ ತೊಡೆಸಂದಿನಲ್ಲಿಯೂ ಕಂಕುಳಿನಲ್ಲಿಯೂ ಅಡಗಿರುವ ಅವರೆಕಾಳಿನಾಕಾರದ ಪುಟ್ಟ ಗ್ರಂಥಿಗಳು ಕಾರಣವಾದುವೆಂಬುದನ್ನು ನೆನೆಯುತ್ತಾರೋ ನಾನರಿಯೆ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು, ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಮನೆಮನೆಯ ಕದವನ್ನೂ ತಟ್ಟಿದಾಗ, ಜನ ಭಯಪಟ್ಟು ನಿರೀಕ್ಷಿಸುತ್ತಿದ್ದ ಚಿಹ್ನೆ ಒಂದೇ: ಗೆಡ್ಡೆ ಎದ್ದಿತೆ, ಇಲ್ಲವೆ? ಚಿಗಟ ಕಾಲಿಗೆ ಕಚ್ಚಿದರೆ ಗೆಡ್ಡೆ ತೊಡೆಸಂದಿನಲ್ಲಿ ಏಳುವುದು, ಕೈಗೆ ಕಚ್ಚಿದರೆ ಕಂಕುಳಿನಲ್ಲಿ. ಆ ಗೆಡ್ಡೆಯ ಭಯದಿಂದಲೇ ಊರು ತನ್ನ ಗೋಡೆಗಳಾಚೆಗೆ ಚಾಚಿ, ಬಸವನ ಗುಡಿಯ ಸುತ್ತಣ ಹೊಲಗಳಲ್ಲಿ ಚೌಕಚೌಕವಾಗಿ ನಿವೇಶನಗಳು ಬಿದ್ದು, ನಮ್ಮ ಅಜ್ಜಂದಿರು ಗಂಟು ಮೂಟೆಗಳೊಡನೆ ಇತ್ತ ಬಂದರು. ಯುರೋಪಿಯನ್ನರು ಆ ಗೆಡ್ಡೆಯನ್ನು ಬ್ಯೂಬೋ ಎಂದರು. ಗ್ರೀಕಿನಲ್ಲಿ ಆ ಮಾತಿನ ಮೂಲಾರ್ಥ ತೊಡೆಸಂದು ಎಂದಷ್ಟೆ. ಲೋಕವನ್ನು ನಡುಗಿಸಿದ ರೋಗದ ಭಾರಿ ಹೆಸರಿನೊಳಗೆ ಇಷ್ಟು ಸಾಮಾನ್ಯವಾದ ಮನೆಮಾತು ಕುಳಿತಿದೆಯೆಂಬುದು ತಿಳಿದ ದಿನದಿಂದ, ಒಡಲಿನ ಅಂಗಾಂಗಗಳಿಗೆ ಹೆಸರುಗಳು ಹೇಗೆ ಬಂದುವು, ಕನ್ನಡದಲ್ಲಿ ಅವುಗಳ ಪಾಡೇನು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತ ಬಂದಿದೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದಕಾರಣ ಈ ಸಮೀಕ್ಷೆಯಲ್ಲಿ ಶಬ್ದಗಳ ಕಡೆಗೆ ಪಕ್ಷಪಾತವಿದ್ದರೆ ವಾಚಕರು ಮನ್ನಿಸಬೇಕು.

ಪೂರ್ವೋಕ್ತ ಗ್ರಂಥಿಯನ್ನೇ ಮೊದಲಿಗೆ ತೆಗೆದುಕೊಳ್ಳೋಣ. ನಮ್ಮ ಪಠ್ಯಪುಸ್ತಕಗಳು ಅದನ್ನು ದುಗ್ಧಗ್ರಂಥಿಯೆಂದೂ ಅದರ ಮೂಲಕ ಹರಿಯುವ ದ್ರವವನ್ನು ದುಗ್ಧರಸವೆಂದೂ ಕರೆಯುತ್ತವೆ. ಸೂಕ್ಷ್ಮ ರಕ್ತನಾಳಗಳಿಂದ ಒಸರಿ ಅಂಗಾಂಶಗಳ ಸಂದಿಗೊಂದಿಗಳಲ್ಲಿ ಉಳಿದ ದ್ರವವನ್ನು ಬಸಿದು ಮರಳಿ ರಕ್ತಕ್ಕೆ ಸೇರಿಸುವುದು, ದಾರಿಯಲ್ಲಿ ಐದಾರು ನೂರು ಗ್ರಂಥಿಗಳೆಂಬ ಉಕ್ಕಡಗಳಲ್ಲಿ ಅದನ್ನು ಸೋಸಿ ರೋಗಾಣುಗಳನ್ನು ತಡೆಯುವುದು, ಈ ವ್ಯೂಹದ ಕೆಲಸ. ದುಗ್ಧವೆಂದರೆ ಹಾಲು, ಆದರೆ ಈ ದ್ರವ ಹಾಲಿನಂತಿಲ್ಲ, ಬಹುಮಟ್ಟಿಗೆ ತಿಳಿನೀರಿನಂತಿದೆ, ಜಿಡ್ಡಿನ ಊಟವಾದ ಮೇಲೆ ಕರುಳಿನಿಂದ ಹೊರಡುವ ಪಾಲು ಮಾತ್ರ ಬೆಳ್ಳಗಾಗುತ್ತದೆ. ಒಂದು ಹೊತ್ತಿನ, ಒಂದು ಪ್ರದೇಶದ ಬಣ್ಣವನ್ನು ನೋಡಿ ಇಡೀ ಮೈಯ ದ್ರವಕ್ಕೆ ಹೆಸರಿಟ್ಟಂತಾಯಿತು. ಸಂಸ್ಕೃತದಲ್ಲಿ ಇದಕ್ಕೆ ಹತ್ತಿರದ ಲಸೀಕಾ ಎಂಬ ಮಾತಿತ್ತಷ್ಟೆ; ಅದೇಕೆ ಒದಗಲಿಲ್ಲವೆಂದರೆ, ಗೋವಿನ ಸಿಡುಬಿನ ಬೊಕ್ಕೆಯಿಂದ ತೆಗೆದ ದ್ರವವನ್ನು ಇಂಗ್ಲಿಷಿನವರು ಇದೇ ಲಿಂಫ್ ಎಂಬ ಹೆಸರಿನಿಂದ ಕರೆಯುತ್ತಿದ್ದುದರಿಂದ, ಲಸಿಕೆಯೆಂಬ ಮಾತು ಆ ದ್ರವದ ಬೆನ್ನು ಹತ್ತಿ ಹೋಗಿ ದಾಕು ಹಾಕುವ ಔಷಧಕ್ಕೆ ಅಂಟಿಕೊಂಡಿತು. ಇಂದು ಲಸಿಕೆಯೆಂದರೆ ಹಸುಗೂಸಿನ ತಾಯಿಗೂ ಅರ್ಥವಾಗುತ್ತದೆ. ಆ ಮಾತು ಹಿಂದೆ ಮೈಯೊಳಗಿನ ದ್ರವವಾಗಿತ್ತೆಂದರೆ ಯಾರೂ ನಂಬುವುದಿಲ್ಲ. ಶಬ್ದವೊಂದು ತನ್ನ ಮನೆಯನ್ನು ಬಿಟ್ಟು ಎದುರುಮನೆಗೆ ಬಾಡಿಗೆಗೆ ಹೋದಮೇಲೆ, ಹಳೆಯ ಮನೆಗೆ ಬೇರೆ ಒಕ್ಕಲನ್ನು ಹುಡುಕಬೇಕಾಗುತ್ತದೆ. ನಮ್ಮ ಶರೀರಶಾಸ್ತ್ರದ ಪರಿಭಾಷೆಯ ಕಥೆ ಬಹುಪಾಲು ಇಂಥ ಮನೆಬದಲಾವಣೆಗಳ ಕಥೆಯೇ.

ಶರೀರವನ್ನು ಅರಿಯುವುದರಲ್ಲಿ ಎರಡು ಬಗೆಗಳುಂಟು. ಏನೇನು, ಎಲ್ಲೆಲ್ಲಿ, ಯಾವುದರ ಪಕ್ಕದಲ್ಲಿ ಯಾವುದು ಎಂದು ವಿವೇಚಿಸುವುದು ಅಂಗರಚನಾಶಾಸ್ತ್ರ. ಯಾವುದು ಏನು ಮಾಡುತ್ತದೆ, ಹೇಗೆ ಮಾಡುತ್ತದೆ ಎಂದು ವಿಚಾರಿಸುವುದು ಶರೀರಕ್ರಿಯಾಶಾಸ್ತ್ರ. ಮೊದಲನೆಯದರ ಗ್ರೀಕ್ ಹೆಸರಿಗೆ ಕೊಯ್ದು ಬಿಡಿಸುವುದೆಂದು ಅರ್ಥ. ಎರಡನೆಯದರಲ್ಲಿ ಪ್ರಕೃತಿಯೆಂಬ ಅರ್ಥದ ಮಾತು ಅಡಗಿದೆ. ನಮ್ಮ ಪ್ರಾಚೀನರು ಇವೆರಡನ್ನೂ ಬೇರ್ಪಡಿಸದೆ ಶಾರೀರವೆಂಬ ಒಂದೇ ಹೆಸರಿನಡಿ ತಂದರು. ಸುಶ್ರುತನು ಶವವನ್ನು ಮುಂಜ ಮೊದಲಾದ ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಹಾಕಿ, ಆಮೇಲೆ ಲಾವಂಚದಂಥ ನಾರಿನ ಕುಂಚದಿಂದ ಪದರಪದರವಾಗಿ ಉಜ್ಜಿ ನೋಡಬೇಕೆಂದು ವಿಧಿಸಿರುವುದನ್ನು ಓದಿದಾಗ, ಆ ಕಾಲದ ಶಿಷ್ಯರ ಧೈರ್ಯಕ್ಕಿಂತಲೂ ಅವರ ತಾಳ್ಮೆ ನನ್ನನ್ನು ಬೆರಗುಗೊಳಿಸಿತು. ಮೂಳೆಗಳು ಚರಕನ ಲೆಕ್ಕದಲ್ಲಿ 360, ಸುಶ್ರುತನ ಲೆಕ್ಕದಲ್ಲಿ 300, ಇಂದಿನ ಗ್ರಂಥಗಳಲ್ಲಿ ವಯಸ್ಕನಿಗೆ 206. ಇದನ್ನು ಕಂಡು ಪೂರ್ವಿಕರಿಗೆ ಎಣಿಕೆ ಬರುತ್ತಿರಲಿಲ್ಲವೆಂದು ನಗುವವರೂ, ಅವರ ಮಾತು ಸುಳ್ಳಾಗದೆಂದು ಹಟ ಹಿಡಿಯುವವರೂ ಸಮಾನವಾಗಿ ಅವಸರದವರು. ಚರಕನು ಹಲ್ಲುಗಳನ್ನೂ ಅವು ನೆಟ್ಟ ಕುಳಿಗಳನ್ನೂ ಉಗುರುಗಳನ್ನೂ ಮೂಳೆಯೆಂದೇ ಎಣಿಸಿದನು. ಎಳೆಯ ಮಕ್ಕಳಲ್ಲಿ ಬಿಡಿಯಾಗಿರುವ ಹಲವು ಮೂಳೆಗಳು ಬೆಳೆದವರಲ್ಲಿ ಬೆಸೆದು ಒಂದಾಗುವುವೆಂಬುದೂ ನಿಜ. ಇಲ್ಲಿರುವ ಅಂತರದಲ್ಲಿ ಹೆಚ್ಚಿನ ಪಾಲು ಮೂಳೆಯೆಂಬ ಮಾತಿನ ಗಡಿಯನ್ನು ಎಲ್ಲಿ ಎಳೆಯಬೇಕೆಂಬುದರದು.

ಈ ಗಡಿಯ ಪ್ರಶ್ನೆ ದಿಕ್ಕುಗಳ ವಿಷಯದಲ್ಲಿಯೂ ಬರುತ್ತದೆ. ಮಲಗಿದವನ ಮೇಲ್ಭಾಗವೂ ನಿಂತವನ ಮೇಲ್ಭಾಗವೂ ಒಂದೇ ಅಲ್ಲವಾದ್ದರಿಂದ, ಅಂಗರಚನೆಯನ್ನು ವರ್ಣಿಸುವಾಗ ಮನುಷ್ಯನು ನೆಟ್ಟಗೆ ನಿಂತು, ಮುಂದಕ್ಕೆ ನೋಡುತ್ತ, ತೋಳುಗಳನ್ನು ಇಳಿಬಿಟ್ಟು, ಅಂಗೈಗಳನ್ನು ಮುಂದಕ್ಕೆ ತಿರುಗಿಸಿಕೊಂಡಿದ್ದಾನೆಂದು ಭಾವಿಸತಕ್ಕದ್ದೆಂದು ಲೋಕದ ವೈದ್ಯರೆಲ್ಲ ಒಪ್ಪಿಕೊಂಡಿದ್ದಾರೆ. ಕನ್ನಡಿಗನಿಗೆ ಇದನ್ನು ವಿವರಿಸಲು ಚಿತ್ರಪಟ ಬೇಡ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 58 ಅಡಿಯ ಗೊಮ್ಮಟನು ಸಾವಿರ ವರ್ಷದಿಂದ ಹೆಚ್ಚುಕಡಮೆ ಹಾಗೆಯೇ ನಿಂತಿದ್ದಾನೆ. ಕಾಯೋತ್ಸರ್ಗದಲ್ಲಿ ಅಂಗೈ ತೊಡೆಯ ಕಡೆಗಿರುವುದೊಂದೇ ವ್ಯತ್ಯಾಸ. ಆ ಅಂಗೈಗಳನ್ನು ಮನಸ್ಸಿನಲ್ಲಿಯೇ ಮುಂದಕ್ಕೆ ಹೊರಳಿಸಿದರೆ ಶಾಸ್ತ್ರದ ನಿಲುವು ಸಿದ್ಧವಾಯಿತು. ಹೊರಳಿಸುವುದೇಕೆಂದರೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಇರುವ ಎರಡು ಮೂಳೆಗಳು ಅಂಗೈ ಹಿಂದಕ್ಕೆ ತಿರುಗಿದಾಗ ಕತ್ತರಿಯಂತೆ ಒಂದರ ಮೇಲೊಂದು ಹಾಯುವುವು, ಮುಂದಕ್ಕೆ ತಿರುಗಿದಾಗ ಮಾತ್ರ ಸಮಾಂತರವಾಗಿ ನಿಲ್ಲುವುವು. ಎಡ ಬಲಗಳೆಂದರೆ ಗೊಮ್ಮಟನ ಎಡ ಬಲಗಳೇ ಹೊರತು, ಎದುರಿಗೆ ನಿಂತು ಕೈಮುಗಿಯುವ ಯಾತ್ರಿಕನದಲ್ಲ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಗುಂಡಿಗೆ ಬಲಕ್ಕೆ ಸರಿದಿದೆಯೆಂದು ಗಾಬರಿಗೊಳ್ಳುವ ಗೃಹಸ್ಥರು ಇದನ್ನು ನೆನಪಿನಲ್ಲಿಡುವುದೊಳ್ಳೆಯದು.

ಇನ್ನು ಬೆನ್ನು ಹೊಟ್ಟೆಗಳ ಸಂಗತಿ. ನಮ್ಮ ದೊಡ್ಡ ಬಸವಣ್ಣನ ಗುಡಿಯಲ್ಲಿ ಕಡಲೆಕಾಯಿ ಪರಿಷೆಯ ಸೋಮವಾರದಂದು ನೂಕುನುಗ್ಗಲಿನ ನಡುವೆ ನಿಂತು ನೋಡಿದರೆ, ಏಕಶಿಲೆಯ ಆ ಮಹಾವೃಷಭನ ಬೆನ್ನು ಇರುವುದು ಮೇಲೆ, ಹೊಟ್ಟೆ ಇರುವುದು ಕೆಳಗೆ. ಅದೇ ಬೆನ್ನು, ಗಂಧದ ತಟ್ಟೆ ಹಿಡಿದು ನಿಂತ ಅರ್ಚಕರಿಗೆ ಹಿಂದೆ, ಹೊಟ್ಟೆ ಮುಂದೆ. ಆದ್ದರಿಂದಲೇ ಮನುಷ್ಯನನ್ನೂ ಚತುಷ್ಪಾದಿಗಳನ್ನೂ ಜೊತೆಯಲ್ಲಿಟ್ಟು ಹೋಲಿಸುವ ಶಾಸ್ತ್ರಕಾರರು ಮೇಲೆ ಕೆಳಗೆ ಎಂಬ ಮಾತುಗಳನ್ನು ಬಿಟ್ಟು, ಬೆನ್ಕಡೆ, ಹೊಟ್ಟೆಕಡೆ, ತಲೆಯ ಕಡೆ, ಬಾಲದ ಕಡೆ ಎಂಬಂಥ ಮಾತುಗಳನ್ನು ಹಿಡಿದರು. ಬುಡಕ್ಕೆ ಹತ್ತಿರವಾದುದು ಸಮೀಪಸ್ಥ, ತುದಿಗೆ ಹತ್ತಿರವಾದುದು ದೂರಸ್ಥ. ನಡುಗೆರೆಯ ಬಳಿಯದು ಮಧ್ಯಸ್ಥ, ಮಗ್ಗುಲಿನದು ಪಾರ್ಶ್ವಸ್ಥ. ಇಷ್ಟನ್ನು ಅರಿತವನಿಗೆ ಅಂಗರಚನೆಯ ಪುಸ್ತಕದಲ್ಲಿ ದಾರಿ ತಪ್ಪುವ ಭಯವಿಲ್ಲ.

ಹೊರಮೈಗೆ ಸಂಬಂಧಿಸಿದ ಮಟ್ಟಿಗೆ ಕನ್ನಡದ ಮನೆಮಾತು ಎಷ್ಟು ಸಮೃದ್ಧವೆಂಬುದನ್ನು ಎಣ್ಣೆನೀರಿನ ದಿನ ಮೊಮ್ಮಕ್ಕಳ ಮೈಗೆ ಎಣ್ಣೆ ತಿಕ್ಕುವ ಅಜ್ಜಿಯರಿಂದ ಕಲಿಯಬೇಕು. ನೆತ್ತಿ, ಹೆಡತಲೆ, ಹೆಗ್ಗತ್ತು, ಪಕ್ಕೆ, ಕಿಬ್ಬೊಟ್ಟೆ, ಟೊಂಕ, ತೊಡೆಸಂದು, ಮಂಡಿಯ ಚಿಪ್ಪು, ಮೀನಖಂಡ, ಹಿಮ್ಮಡಿ, ಅಂಗಾಲು ಎಂದು ಆ ಕೈ ಜಾರುತ್ತ ಹೋದಂತೆಲ್ಲ ಹೆಸರುಗಳು ಉದುರುವುವು. ಬಾಯೊಳಗೆ ಇಣುಕಿದರೆ ಒಸಡು, ಅಂಗುಳ, ಕಿರುನಾಲಗೆ. ಇವು ಯಾವುವೂ ತಮ್ಮ ಕೆಲಸವನ್ನು ಬಣ್ಣಿಸಿಕೊಳ್ಳುವುದಿಲ್ಲ. ಹೆಚ್ಚೆಂದರೆ ಒಂದು ಚಿತ್ರವನ್ನು ತೋರಿಸಿ ಸುಮ್ಮನಾಗುತ್ತವೆ. ರೋಮನರು ತೋಳಿನಲ್ಲಿ ತೊಗಲಿನಡಿ ಓಡುವ ಮಾಂಸದ ಉಂಡೆಯನ್ನು ಕಂಡು ಪುಟ್ಟ ಇಲಿಯೆಂದರಂತೆ, ಮಸ್‌ಲ್ ಎಂಬ ಮಾತು ಹುಟ್ಟಿದ್ದು ಹಾಗೆ. ನಮ್ಮವರು ಮೊಣಕಾಲಿನ ಕೆಳಗೆ ಹಿಂಬದಿಯ ಉಬ್ಬನ್ನು ಕಂಡು ಮೀನಿನ ತುಂಡೆಂದರು. ಮಂಡಿಯ ಮುಂದಿನ ಮೂಳೆ ರೋಮನರಿಗೆ ಪುಟ್ಟ ತಟ್ಟೆಯಾಗಿ ತೋರಿತು, ತೆಂಗಿನ ನಾಡಿನವರಾದ ನಮಗೆ ಚಿಪ್ಪಾಗಿ. ಎಲ್ಲಕ್ಕಿಂತ ಸೊಗಸಾದುದು ಕಣ್ಣಿನ ನಡುವಣ ಕರಿಯ ರಂಧ್ರದ ಹೆಸರು. ಎದುರಿಗಿದ್ದವರ ಕಣ್ಣಿನೊಳಗೆ ದಿಟ್ಟಿಸಿದರೆ ನಮ್ಮದೇ ಬಿಂಬ ಬೊಂಬೆಯಷ್ಟಾಗಿ ಕಾಣುವುದಷ್ಟೆ. ಅದನ್ನು ಕಂಡು ಲ್ಯಾಟಿನಿನವರು ಪುಟ್ಟ ಬೊಂಬೆಯೆಂದರು, ಸಂಸ್ಕೃತದವರು ಚಿಕ್ಕ ಹುಡುಗಿಯೆಂಬರ್ಥದ ಕನೀನಿಕೆಯೆಂದರು, ಕನ್ನಡದವರು ಪಾಪೆಯೆಂದರು. ಮೂರು ನಾಡಿನ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ಬೊಂಬೆಯನ್ನು ಕಂಡದ್ದು ನನಗೆ ಯಾವ ಸಿದ್ಧಾಂತಕ್ಕಿಂತಲೂ ಹೆಚ್ಚಿನ ಸಂತೋಷವನ್ನು ಕೊಟ್ಟಿದೆ.

ತೊಡಕು ಹುಟ್ಟುವುದು ತೊಗಲಿನ ಒಳಗೆ ಹೊಕ್ಕ ಮೇಲೆ. ನನ್ನ ದೊಡ್ಡಮ್ಮ ಎಪ್ಪತ್ತು ದಾಟಿದ ಮೇಲೆ ಒಮ್ಮೆ ಕಾಲುನೋವಿಗೆಂದು ಒಬ್ಬ ತರುಣ ವೈದ್ಯರಲ್ಲಿಗೆ ನನ್ನನ್ನು ಕರೆದುಕೊಂಡು ಹೋದರು. "ಎಡಗಾಲಿನ ನರ ಗಂಟುಕಟ್ಟಿಕೊಂಡಿದೆ ಕಣಪ್ಪ, ಸಂಜೆಯಾದರೆ ಎಳೆಯುತ್ತೆ," ಎಂದರು. "ಜೋಮು ಹಿಡಿಯುತ್ತದೆಯೇ ಅಜ್ಜಿ, ಚುಚ್ಚಿದಂತಾಗುತ್ತದೆಯೇ?" ಎಂದು ಆತ ಕೇಳಿದರು. ಜೋಮು ಯಾರಿಗೆ ತಾನೆ ಹಿಡಿಯುವುದಿಲ್ಲ? "ಹೂಂ, ಒಂದೊಂದು ಸಲ," ಎಂದರು ದೊಡ್ಡಮ್ಮ. ನರಗಳ ದೌರ್ಬಲ್ಯಕ್ಕೆ ಮಾತ್ರೆಗಳು ಬಂದುವು, ನೋವು ಹೋಗಲಿಲ್ಲ. ತಿಂಗಳೆರಡು ಕಳೆದು ಬೇರೊಬ್ಬ ಹಿರಿಯ ವೈದ್ಯರು ಸೀರೆಯ ಅಂಚನ್ನು ಮೊಣಕಾಲಿನವರೆಗೆ ಸರಿಸಲು ಹೇಳಿ, ಮೀನಖಂಡದ ಮೇಲೆ ಹಾವಿನಂತೆ ಸುತ್ತಿ ಉಬ್ಬಿದ್ದ ನೀಲಿಯ ರಕ್ತನಾಳವನ್ನು ನೋಡಿ, "ಅಮ್ಮಾ, ಇದು ನೀವು ಹೇಳುವ ನರ; ನಾವು ಹೇಳುವ ನರವಲ್ಲ," ಎಂದು ನಕ್ಕರು. ದೊಡ್ಡಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ನರವೆಂಬುದು ತಮಿಳಿನ ನರಂಬಿನ ದಾಯಾದಿಯಾದ ದ್ರಾವಿಡ ಶಬ್ದ; ತೊಗಲಿನಡಿಯಲ್ಲಿ ಹುರಿಯಂತೆ ತೋರುವುದೆಲ್ಲ, ರಕ್ತನಾಳವೇ ಆಗಲಿ, ಮಾಂಸವನ್ನು ಮೂಳೆಗೆ ಬಿಗಿದ ಕಟ್ಟೇ ಆಗಲಿ, ಜನರ ಬಾಯಲ್ಲಿ ನರವೇ. ಮಿದುಳಿನಿಂದಲೂ ಬೆನ್ನುಹುರಿಯಿಂದಲೂ ಹೊರಟು ಸಂವೇದನೆಯನ್ನೂ ಆಜ್ಞೆಯನ್ನೂ ಒಯ್ಯುವ ತಂತುಗಳಿಗೆ ಮಾತ್ರ ಆ ಮಾತನ್ನು ಮೀಸಲು ಮಾಡಿದವರು ಪುಸ್ತಕ ಬರೆದವರು. ಪುಸ್ತಕದವರು ಮೀಸಲು ಮಾಡಿದ ಸುದ್ದಿ ದೊಡ್ಡಮ್ಮನಿಗೆ ತಲಪಿರಲಿಲ್ಲ, ದೊಡ್ಡಮ್ಮನ ನಿಘಂಟು ಆ ತರುಣನಿಗೆ ತಲಪಿರಲಿಲ್ಲ.

ಸ್ನಾಯುವಿನದೂ ಇದೇ ಹಾಡು. ಸಂಸ್ಕೃತದಲ್ಲಿ ಸ್ನಾಯುವೆಂದರೆ ಬಿಗಿಯುವ ಕಟ್ಟು, ನಾರು. ಮಾಂಸಖಂಡಕ್ಕೆ ಸುಶ್ರುತನ ಮಾತು ಪೇಶಿ, ಅವು ಅವನ ಎಣಿಕೆಯಲ್ಲಿ 500. ಕನ್ನಡದ ಪಠ್ಯಗಳಲ್ಲಿ ಸ್ನಾಯುವೇ ಮಾಂಸಖಂಡವಾಗಿ ಕುಳಿತುಬಿಟ್ಟದ್ದರಿಂದ, ಹಳೆಯ ಸ್ನಾಯುವಿಗೆ ಸ್ನಾಯುರಜ್ಜು, ಅಸ್ಥಿರಜ್ಜುಗಳೆಂಬ ಹೊಸ ಮನೆಗಳನ್ನು ಕಟ್ಟಬೇಕಾಯಿತು. ಆಯುರ್ವೇದದಲ್ಲಿ ಗುಲ್ಮವೆಂದರೆ ಹೊಟ್ಟೆಯಲ್ಲಿ ಏಳುವ ಒಂದು ಬಗೆಯ ಗಂಟು, ರೋಗ. ಎಡಪಕ್ಕೆಯ ಅಂಗಕ್ಕೆ ಅಲ್ಲಿ ಪ್ಲೀಹವೆಂದು ಹೆಸರು. ಕನ್ನಡದ ಶಾಲೆಯಲ್ಲಿಯಾದರೋ ಗುಲ್ಮವೇ ಆ ಅಂಗ; ಅಂದಮೇಲೆ ಪ್ರತಿಯೊಬ್ಬ ಆರೋಗ್ಯವಂತನಿಗೂ ಹುಟ್ಟಿನಿಂದ ಗುಲ್ಮವಿದೆಯೆಂದು ಪಂಡಿತರು ಬೆಚ್ಚಬೇಕು. ಚಾಮರಾಜಪೇಟೆಯಲ್ಲಿ ವೇದಪಾಠ ಹೇಳುತ್ತಿದ್ದ ನನ್ನ ಬಂಧುಗಳೊಬ್ಬರು ಮೊಮ್ಮಗನ ವಿಜ್ಞಾನದ ಪುಸ್ತಕದಲ್ಲಿ, ಉಸಿರಾಟದಲ್ಲಿ ವಪೆಯು ಕೆಳಗಿಳಿದು ಎದೆಗೂಡು ಹಿಗ್ಗುವುದೆಂಬ ವಾಕ್ಯವನ್ನು ಓದಿ, "ವಪೆ ಎಲ್ಲಿ, ಉಸಿರಾಟ ಎಲ್ಲಿ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ಯಜ್ಞದ ಪರಿಭಾಷೆಯಲ್ಲಿ ವಪೆಯೆಂದರೆ ಕರುಳಿನ ಮೇಲೆ ಹೊದ್ದಿರುವ ಮೇದಸ್ಸಿನ ಪೊರೆ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿಕೊಂಡು, ನಾವು ಬಿಕ್ಕಳಿಸಿದಾಗ ಸೆಳೆತಕ್ಕೊಳಗಾಗುವ ಮಾಂಸದ ಪರದೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಹುಡುಗನ ಪರೀಕ್ಷೆ ಹತ್ತಿರವಿದ್ದುದರಿಂದ ಅಂದು ಚರ್ಚೆ ಮುಂದುವರಿಯಲಿಲ್ಲ.

ರಕ್ತನಾಳಗಳ ಹೆಸರುಗಳಲ್ಲಿ ನಾವು ಮಾಡಿರುವ ಪ್ರಯೋಗಗಳು ಒಂದು ಪ್ರತ್ಯೇಕ ಪ್ರಬಂಧಕ್ಕೆ ಸಾಲುವಷ್ಟಿವೆ. ಗುಂಡಿಗೆಯಿಂದ ಹೊರಡುವ ನಾಳಗಳನ್ನು ಶುದ್ಧರಕ್ತನಾಳಗಳೆಂದೂ ಮರಳುವುವನ್ನು ಮಲಿನರಕ್ತನಾಳಗಳೆಂದೂ ಹಿಂದೆ ಕಲಿಸಿದರು. ಹಾಗೆ ಕಲಿತ ಹುಡುಗನಿಗೆ, ಶ್ವಾಸಕೋಶಕ್ಕೆ ಹೊರಟ ಶುದ್ಧರಕ್ತನಾಳದಲ್ಲಿ ಮಲಿನರಕ್ತವೂ, ಅಲ್ಲಿಂದ ಮರಳುವ ಮಲಿನರಕ್ತನಾಳದಲ್ಲಿ ಶುದ್ಧರಕ್ತವೂ ಹರಿಯುವುದೆಂದು ಹೇಳುವ ಪಾಡು ಮೇಷ್ಟರದಾಯಿತು. ಆಮೇಲೆ ಅಪಧಮನಿ, ಅಭಿಧಮನಿಗಳು ಬಂದುವು. ಅಪವೆಂದರೆ ದೂರಕ್ಕೆ, ಅಭಿಯೆಂದರೆ ಕಡೆಗೆ, ತರ್ಕ ಅಚ್ಚುಕಟ್ಟು. ಆದರೆ ಒಂದೇ ಒಂದು ಅಕ್ಷರದ ಅಂತರದಲ್ಲಿ ಪ್ರಾಣವನ್ನಿಡುವುದು ಜಾಣತನವೆ? ಉಚ್ಛ್ವಾಸ, ನಿಶ್ವಾಸಗಳಲ್ಲಿ ಒಳಕ್ಕೆಳೆಯುವುದು ಯಾವುದು, ಹೊರಕ್ಕೆ ಬಿಡುವುದು ಯಾವುದು ಎಂದು ಪರೀಕ್ಷೆಯ ಹಿಂದಿನ ರಾತ್ರಿ ತಡವರಿಸದ ಮಕ್ಕಳನ್ನು ನಾನು ಕಂಡಿಲ್ಲ. ಉಸಿರು ಎಳೆಯುವುದು, ಉಸಿರು ಬಿಡುವುದು ಎಂದರೆ ಯಾರಿಗೂ ಸಂಶಯವಿಲ್ಲ. ಧಮನಿ, ಸಿರೆಗಳೆಂಬ ಎರಡೇ ಮಾತುಗಳು ಸಾಕೆಂದು ನನ್ನ ಮತ. ಪ್ರಾಚೀನರ ಧಮನಿ ಸಿರೆಗಳು ಇಂದಿನ ಅರ್ಥದವಲ್ಲ, ನಿಜ; 1628ರಲ್ಲಿ ವಿಲಿಯಂ ಹಾರ್ವೆ ರಕ್ತದ ಪರಿಚಲನೆಯನ್ನು ಪ್ರಕಟಿಸುವ ಮೊದಲು ಆ ಅರ್ಥ ಇರುವುದಾದರೂ ಹೇಗೆ? ಗ್ರೀಕರು ಹೆಣಗಳಲ್ಲಿ ಈ ನಾಳಗಳು ಬರಿದಾಗಿರುವುದನ್ನು ಕಂಡು ಇವು ಗಾಳಿಯನ್ನು ಒಯ್ಯುವುವೆಂದು ತಿಳಿದರು. ಆರ್ಟರಿ ಎಂಬ ಹೆಸರು ಆ ಕಾಲದ್ದು. ತಪ್ಪು ತಿಳಿವಳಿಕೆಯನ್ನು ಹಾರ್ವೆ ಕಿತ್ತೆಸೆದನು, ಹೆಸರನ್ನು ಮುಟ್ಟಲಿಲ್ಲ.

ಇಲ್ಲಿಯೇ ನನ್ನ ಮುಖ್ಯವಾದ ದೂರು ಇರುವುದು. ಹೆಸರು ಬೇರೆ, ವಿವರಣೆ ಬೇರೆ. ಕನ್ನಡದಲ್ಲಿ ಶಾಸ್ತ್ರಪದಗಳನ್ನು ಕಟ್ಟಿದ ಹಿರಿಯರು, ಅವರ ನಿಷ್ಠೆಗೆ ನಮಸ್ಕರಿಸಿಯೇ ಹೇಳುತ್ತೇನೆ, ಪದವನ್ನು ಕೇಳಿದ ಕೂಡಲೇ ವಸ್ತುವಿನ ಕಾರ್ಯ ಹೊಳೆಯಬೇಕೆಂಬ ಆಸೆಯಿಂದ ವಿವರಣೆಯನ್ನೇ ಹೆಸರಾಗಿ ಇಟ್ಟರು. ಪಿತ್ತವನ್ನು ಉಂಟುಮಾಡುವ ಅಂಗವಾದ್ದರಿಂದ ಪಿತ್ತಜನಕಾಂಗ. ಆದರೆ ಪಿತ್ತೋತ್ಪಾದನೆ ಆ ಅಂಗದ ಹತ್ತಾರು ಉದ್ಯೋಗಗಳಲ್ಲಿ ಒಂದು, ಸಕ್ಕರೆಯನ್ನು ಕೂಡಿಡುವುದೂ, ರಕ್ತದ ಪ್ರೋಟೀನುಗಳನ್ನು ಕಟ್ಟುವುದೂ, ವಿಷಗಳನ್ನು ಮುರಿಯುವುದೂ ಅದರ ಪಾಲಿನವೇ. ಮೇದಸ್ಸನ್ನು ಜೀರ್ಣಿಸುವುದೆಂದು ಮೇದೋಜೀರಕವೆಂದರು. ಅದರ ರಸ ಮೇದಸ್ಸನ್ನಲ್ಲದೆ ಪಿಷ್ಟವನ್ನೂ ಪ್ರೋಟೀನನ್ನೂ ಜೀರ್ಣಿಸುತ್ತದೆ, ಅದರೊಳಗಿನ ಕಿರುದ್ವೀಪಗಳು ಸ್ರವಿಸುವ ಇನ್ಸುಲಿನ್ನು ಕೊರತೆಯಾದವನಿಗೆ ಮಧುಮೇಹ. ಶಾಸ್ತ್ರ ಮುಂದುವರಿದಂತೆಲ್ಲ ಇಂಥ ಹೆಸರು ಹುಸಿಯಾಗುತ್ತ ಹೋಗುವುದು. ಪಿತ್ತಜನಕಾಂಗಕ್ಕೆ ಯಕೃತ್ತೆಂದರೆ, ಏನನ್ನೂ ವಿವರಿಸದ ಆ ಹೆಸರು ಎಂದಿಗೂ ಹುಸಿಯಾಗದು. ಇದರ ಜೊತೆಗೆ ಕೋಶವೆಂಬ ಒಂದೇ ಬಡಪಾಯಿಯ ಹೆಗಲಿಗೆ ಜೀವಕೋಶ, ಶ್ವಾಸಕೋಶ, ಪಿತ್ತಕೋಶ, ಗರ್ಭಕೋಶ, ಮೂತ್ರಕೋಶ ಎಲ್ಲವನ್ನೂ ಹೊರಿಸಿದ್ದೇವೆ, ಶಬ್ದಕೋಶವೊಂದು ಬೇರೆ.

ಇದು ನಮ್ಮೊಬ್ಬರದೇ ಪಾಡೆಂದು ಕುಗ್ಗಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಸುಮಾರು 5,000 ಅಂಗಭಾಗಗಳಿಗೆ ಸುಮಾರು 50,000 ಹೆಸರುಗಳು ಬಳಕೆಯಲ್ಲಿದ್ದುವು. ಒಂದೊಂದು ವಿದ್ಯಾಪೀಠಕ್ಕೂ ಒಂದೊಂದು ಸಂಪ್ರದಾಯ. 1895ರಲ್ಲಿ ಅಂಗರಚನಾಶಾಸ್ತ್ರಜ್ಞರು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಕಲೆತು, ಒಂದಕ್ಕೆ ಒಂದೇ ಹೆಸರೆಂದು ಒಪ್ಪಿ, ಲ್ಯಾಟಿನಿನಲ್ಲಿ ಪಟ್ಟಿ ಮಾಡಿ ಆ ಕಾಡನ್ನು ಸವರಿದರು. ಬಾಸೆಲ್ ಎಂದೊಡನೆ ಕನ್ನಡಿಗನ ಕಿವಿ ನಿಮಿರದಿರದು. ಅದೇ ಊರಿನ ಮಿಷನ್ನು ಕಳುಹಿಸಿದ ಕಿಟ್ಟೆಲರು ಆ ಸಭೆಗೆ ಒಂದು ವರ್ಷ ಮೊದಲು, 1894ರಲ್ಲಿ, ಮಂಗಳೂರಿನಲ್ಲಿ ತಮ್ಮ ಮಹಾನಿಘಂಟನ್ನು ಅಚ್ಚು ಹಾಕಿಸಿದ್ದರು. ಯುರೋಪಿಗೆ ಒದಗಿದ್ದು ಇರುವ ಮಾತುಗಳನ್ನು ಕಡಮೆ ಮಾಡುವ ಸಭೆ. ಕನ್ನಡಕ್ಕೆ ಒದಗಿದ್ದು ಇರುವ ಮಾತುಗಳನ್ನು ಕೂಡಿಡುವ ಕಣಜ. ಕಣಜ ನಮ್ಮಲ್ಲಿ ಬೆಳೆಯಿತು; ಅಂಥ ಸಭೆ ಮಾತ್ರ ಇಂದಿಗೂ ಸೇರಿಲ್ಲ.

ಸೇರಿಸುವ ಯತ್ನಗಳು ನಡೆಯಲಿಲ್ಲವೆಂದಲ್ಲ. ವೈದ್ಯವನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನಮಗೆ ಹಳೆಯದು. ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಷ್ಟು ಹಿಂದೆ ಕನ್ನಡಿಸಿದನು, ಹದಿನಾಲ್ಕರಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಈಚಿನ ಕಾಲಕ್ಕೆ ಬಂದರೆ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲವಾದರೂ, ಕನ್ನಡದಲ್ಲಿ ವಿಜ್ಞಾನ ಸಾಧ್ಯವೆ ಎಂಬ ಪ್ರಶ್ನೆಯ ಬಾಯಿ ಮುಚ್ಚಿಸಿತು. ವೆಂಕಟನಾರಣಪ್ಪನವರ ಅದೇ ಕೈ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನೂ ಪರಿಷ್ಕರಿಸಿ ಕೊಟ್ಟಿತೆಂಬುದನ್ನು ಇಂದಿನವರು ಗಮನಿಸಬೇಕು. ಹಳಗನ್ನಡದ ಪದಸಂಪತ್ತನ್ನೂ ಪ್ರಯೋಗಶಾಲೆಯ ಶಿಸ್ತನ್ನೂ ಒಬ್ಬನೇ ಮನುಷ್ಯ ಬಲ್ಲವನಾಗಿರುವುದು ಪರಿಭಾಷೆಯ ಕೆಲಸಕ್ಕೆ ಎಂಥ ಭಾಗ್ಯ! ಶಿವರಾಮ ಕಾರಂತರು ಒಬ್ಬರೇ ಕುಳಿತು ಬಾಲಪ್ರಪಂಚವನ್ನೂ ವಿಜ್ಞಾನಪ್ರಪಂಚವನ್ನೂ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. ಕೊರವಂಜಿ ಪತ್ರಿಕೆಯ ವೈದ್ಯ ಶಿವರಾಂ ಅವರು, ಅಂದರೆ ನಮ್ಮ ರಾಶಿ, ನಾಡಿ ಹಿಡಿಯುವ ಕೈಯಿಂದಲೇ ಮನಶ್ಶಾಸ್ತ್ರವನ್ನು ತಿಳಿಗನ್ನಡದಲ್ಲಿ ಬರೆದು ತೋರಿಸಿದರು. ಡಾಕ್ಟರ್ ಡಿ. ಎಸ್. ಶಿವಪ್ಪನವರು ವೈದ್ಯಪದಗಳ ಹುಟ್ಟು, ರಚನೆಗಳ ಬೇರಿಗೇ ಇಳಿದು ಗ್ರಂಥ ರಚಿಸಿದರು. ಅನುಪಮಾ ನಿರಂಜನರು ಗೃಹಿಣಿಯರಿಗೂ ಕಿಶೋರಿಯರಿಗೂ ಮೈಯ ಗುಟ್ಟುಗಳನ್ನು ಸಂಕೋಚವಿಲ್ಲದೆ ತಿಳಿಸಿದರು. ಇವರಲ್ಲಿ ಪ್ರತಿಯೊಬ್ಬರೂ ಬೇಕಾದ ಮಾತನ್ನು ತಾವೇ ಮಾಡಿಕೊಂಡರು. ಇನ್ನು ಕಲಿಕೆಯ ಭಾಷೆ: 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ವೈದ್ಯಕೀಯ ಕಾಲೇಜಿನಲ್ಲಾಗಲಿ, 1955ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ ಹುಟ್ಟಿದ ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಾಗಲಿ, ಅಂಗಚ್ಛೇದನದ ಮೇಜಿನ ಭಾಷೆ ಇಂಗ್ಲಿಷೇ. ರೋಗಿ ಕನ್ನಡದಲ್ಲಿ ನರಳುತ್ತಾನೆ, ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾನೆ. ನಡುವೆ ನಿಂತ ದಾದಿಯೇ ನಿಜವಾದ ನಿಘಂಟು.

ಅಂಗಗಳ ಹೆಸರಿನಲ್ಲಿ ಇಷ್ಟು ಬಡಿದಾಡಿದ ಮೇಲೆ ಅವುಗಳ ಕೆಲಸದ ಕಡೆಗೆ ತಿರುಗಿದರೆ, ಕನ್ನಡಕ್ಕೆ ಅಲ್ಲಿ ನೆಮ್ಮದಿಯ ಉಸಿರು ಬಿಡುವ ಅವಕಾಶವುಂಟು. ಏಕೆಂದರೆ ಕ್ರಿಯಾಶಾಸ್ತ್ರಕ್ಕೆ ಬೇಕಾದುದು ಕ್ರಿಯಾಪದಗಳು. ಗುಂಡಿಗೆ ಬಡಿಯುತ್ತದೆ, ನಾಡಿ ಮಿಡಿಯುತ್ತದೆ, ರೆಪ್ಪೆ ಅದಿರುತ್ತದೆ, ಮಾಂಸಖಂಡ ಸೆಟೆಯುತ್ತದೆ, ಬೆವರು ಜಿನುಗುತ್ತದೆ, ರಸ ಒಸರುತ್ತದೆ, ಕರುಳು ಹಿಂಡುತ್ತದೆ, ಎದೆ ಹಿಗ್ಗಿ ಕುಗ್ಗುತ್ತದೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಇಡಲಾಗದು. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ, 1943ರಿಂದ ಎಷ್ಟೋ ತಲೆಮಾರುಗಳು ತಿಂದ ಮಸಾಲೆದೋಸೆಯ ಒಂದು ತುತ್ತನ್ನು ಹಿಂಬಾಲಿಸಿ ನೋಡೋಣ. ತಟ್ಟೆ ಬರುವ ಮುನ್ನವೇ, ತುಪ್ಪದ ವಾಸನೆಗೇ, ಬಾಯಲ್ಲಿ ನೀರೂರುವುದು. ಮನಸ್ಸು ಗ್ರಂಥಿಗೆ ಆಜ್ಞೆ ಮಾಡುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಆ ನೀರಿಗೆ ಶಾಸ್ತ್ರದಲ್ಲಿ ಲಾಲಾರಸವೆಂದು ಹೆಸರು. ಕನ್ನಡದಲ್ಲಿ ತುಟಿಯಿಂದ ಸುರಿದರೆ ಜೊಲ್ಲು, ಹೊರಕ್ಕೆ ಎಸೆದರೆ ಉಗುಳು, ಸೋಕಿ ಮೈಲಿಗೆಯಾದರೆ ಎಂಜಲು. ಬಾಯೊಳಗೇ ಸಭ್ಯವಾಗಿ ಇದ್ದಾಗ ಮಾತ್ರ ಅದಕ್ಕೆ ಹೆಸರಿಲ್ಲ, ಆದ್ದರಿಂದ ಈ ತತ್ಸಮವನ್ನು ನಾನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ. ಅದರಲ್ಲಿನ ಕಿಣ್ವ (ಹೆಂಡದ ಹುಳಿಹಿಟ್ಟಿಗಿದ್ದ ಹಳೆಯ ಸಂಸ್ಕೃತದ ಹೆಸರನ್ನು ಎನ್ಜೈಮಿಗೆ ಇಟ್ಟವರ ಪ್ರತಿಭೆ ದೊಡ್ಡದು) ಅಕ್ಕಿಯ ಪಿಷ್ಟವನ್ನು ಅಗಿಯುತ್ತಿರುವಾಗಲೇ ಒಡೆಯತೊಡಗುತ್ತದೆ. ಸುಮಾರು 25 ಸೆಂಟಿಮೀಟರಿನ ಅನ್ನನಾಳವನ್ನು ಇಳಿದ ತುತ್ತು ಜಠರದಲ್ಲಿ ಆಮ್ಲದೊಡನೆ ಕಡೆಯಲ್ಪಟ್ಟು, ಆರು ಮೀಟರಿನಷ್ಟು ಉದ್ದದ ಸಣ್ಣಕರುಳನ್ನು ಹೊಗುತ್ತದೆ. ಅಲ್ಲಿ ತುಪ್ಪದ ಜಿಡ್ಡನ್ನು ಪಿತ್ತರಸವು, ಅಭ್ಯಂಜನದ ದಿನ ಸೀಗೆಪುಡಿ ಎಣ್ಣೆಯನ್ನು ಬಿಡಿಸುವಂತೆ, ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಮೇಲೆ ಹೇಳಿದ ಬೆಳ್ಳನೆಯ ದುಗ್ಧರಸ ಹೊರಡುವುದು ಇಲ್ಲಿಂದಲೇ. ಆಲೂಗಡ್ಡೆಯ ಪಲ್ಯ ಸಕ್ಕರೆಯಾಗಿ ರಕ್ತವನ್ನು ಸೇರಿದಾಗ ಇನ್ಸುಲಿನ್ನು ಹೊರಟು, ಹೆಚ್ಚಿನದನ್ನು ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ದಾಸ್ತಾನು ಮಾಡಿಸುತ್ತದೆ.

ಇಷ್ಟೆಲ್ಲ ಆದರೂ ತಿಂದವನ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಎರಡು ಮೂರು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಬರುವುದು. ಬೆಂಗಳೂರಿನ ಧನುರ್ಮಾಸದ ಚಳಿಯಲ್ಲಿಯೂ ವೈಶಾಖದ ಸೆಖೆಯಲ್ಲಿಯೂ ಒಳಮೈಯ ಬಿಸಿ 37 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದು. ಮೂತ್ರಪಿಂಡಗಳೆರಡೂ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಹೊರಹಾಕಿ, ಉಳಿದುದನ್ನು ಹಿಂತಿರುಗಿಸುವುವು. ಹೊರಗೆ ಏನೇ ಏರುಪೇರಾದರೂ ಒಳಗಿನ ಪರಿಸರವನ್ನು ಒಂದು ಹದದಲ್ಲಿ ಹಿಡಿದಿಡುವ ಈ ಗುಣವನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊದಲು ಗುರುತಿಸಿದನು. ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಅದಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟನು. ಕನ್ನಡದಲ್ಲಿ ಸಮಸ್ಥಿತಿ ಎನ್ನುತ್ತಾರೆ. ಇದನ್ನು ವಾತ ಪಿತ್ತ ಕಫಗಳ ಸಾಮ್ಯವೇ ಎಂದು ಹೇಳಿ ಬೆನ್ನು ತಟ್ಟಿಕೊಳ್ಳುವ ಚಪಲವನ್ನು ತಡೆದುಕೊಳ್ಳಬೇಕು. ಎರಡರಲ್ಲಿಯೂ ಸಮತೋಲದ ಕಲ್ಪನೆಯಿದ್ದರೂ ಒಂದು ಅಳತೆಯಿಂದ ಹುಟ್ಟಿದುದು, ಇನ್ನೊಂದು ಲಕ್ಷಣಗಳನ್ನು ವರ್ಗೀಕರಿಸುವ ದರ್ಶನ. ಸಮಸ್ಥಿತಿಯೆಂದರೆ ನಿಂತ ನೀರೆಂದು ಧ್ವನಿಸುವುದು ಆ ಪದದ ಕೊರತೆ. ನಿಮಿಷಕ್ಕೆ ಐದು ಲೀಟರು ರಕ್ತವನ್ನು ನೂಕುವ ಗುಂಡಿಗೆಯಿರುವ ಮೈಯಲ್ಲಿ ಯಾವುದು ನಿಂತಿದೆ? ಅಡಿಗೆಮನೆಯ ಹದವೆಂಬ ಮಾತೇ ಇಲ್ಲಿ ಹೆಚ್ಚು ಒಪ್ಪುವುದೆಂದು ನನಗೆ ತೋರುತ್ತದೆ, ಏಕೆಂದರೆ ಹದವನ್ನು ಯಾರಾದರೂ ಸದಾ ನೋಡಿಕೊಳ್ಳುತ್ತಲೇ ಇರಬೇಕು.

ಹಾರ್ಮೋನು, ಥೈರಾಯಿಡು, ಇನ್ಸುಲಿನ್ನುಗಳನ್ನು ಕನ್ನಡಿಸಲು ಹೊರಡಬಾರದು. ಅವು ಬೆಂಚು, ಬಸ್ಸುಗಳಂತೆ ಮನೆಯವಾಗಿವೆ. ಮೂಳೆ, ಕರುಳು, ಗುಂಡಿಗೆ, ಮಿದುಳುಗಳನ್ನು ಅಸ್ಥಿ, ಅಂತ್ರ, ಹೃದಯ, ಮಸ್ತಿಷ್ಕಗಳಾಗಿ ಮಾಡುವ ಅಗತ್ಯವೂ ಇಲ್ಲ. ಉಳಿದುದು ಎರಡರ ನಡುವಿನ ಪ್ರದೇಶ: ನರ, ಸ್ನಾಯು, ಗುಲ್ಮ, ವಪೆ, ಧಮನಿಗಳಂಥ ಎರಡೆರಡು ಹೊರೆ ಹೊತ್ತ ಮಾತುಗಳು. ಇವುಗಳ ಪಟ್ಟಿ ನೂರಕ್ಕೆ ಮೀರಲಾರದು. ಒಬ್ಬ ಅಂಗರಚನಾಶಾಸ್ತ್ರಜ್ಞ, ಒಬ್ಬ ಆಯುರ್ವೇದ ಪಂಡಿತ, ಒಬ್ಬ ಶಾಲೆಯ ಮೇಷ್ಟರು, ಮರೆಯದೆ ಒಬ್ಬ ದಾದಿ, ಪರಿಷತ್ತಿನ ಒಂದು ಕೋಣೆಯಲ್ಲಿ ಬೇಸಗೆಯ ರಜೆಯಲ್ಲಿ ಕುಳಿತರೆ ಮುಗಿಯುವ ಕೆಲಸ ಇದು. ವೇದಪಾಠದ ನನ್ನ ಬಂಧುಗಳು ಈಗಿಲ್ಲ. ಅವರ ಮೊಮ್ಮಗ ವೈದ್ಯನಾಗಿದ್ದಾನೆ. ವಪೆಯನ್ನು ರೋಗಿಗಳಿಗೆ ಏನೆಂದು ಹೇಳುತ್ತೀಯಪ್ಪ ಎಂದು ಮೊನ್ನೆ ಕೇಳಿದೆ. "ಎದೆಗೂ ಹೊಟ್ಟೆಗೂ ನಡುವಣ ಪರದೆ ಅಂತೀನಿ ಮಾವ, ಎಲ್ಲರಿಗೂ ಗೊತ್ತಾಗುತ್ತೆ," ಎಂದನು.